ಬಸ್ಸಿನ ಕಿಟಕಿಗೆ ಕಾಣುವ ಹೂವು

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಿ ನಾನು ಎಡಗಡೆಯ ಕಿಟಕಿ ಬಿಟ್ಟು ಬೇರೆಲ್ಲೂ ಕೂರುವುದಿಲ್ಲ. ಬರುವಾಗ ಬಲಗಡೆ. ಬಿಸಿಲು ಬೀಳಲಿ, ಧೂಳು ಹೊಡೆಯಲಿ, ಆ ಕಿಟಕಿ ನನಗೇ ಬೇಕು. ಲಿಂಗಸುಗೂರಿನ ಒಂದು ಶಾಲೆಯಲ್ಲಿ ಕನ್ನಡ ಕಲಿಸುವವಳು ನಾನು. ವರ್ಷಗಟ್ಟಲೆ ಇದೇ ದಾರಿ, ಇದೇ ಬಸ್ಸು. ಕಂಡಕ್ಟರುಗಳಿಗೆಲ್ಲ ನನ್ನ ಹಠ ಗೊತ್ತು. ಯಾರಾದರೂ ಆ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದರೆ ‘ಏಳ್ರೀ ಯಜಮಾನ್ರ, ಟೀಚರ್ ಬಂದ್ರು, ಸುಮ್ನ ಯಾಕ ಜಗಳ’ ಎಂದು ಅವರೇ ಎಬ್ಬಿಸಿಬಿಡುತ್ತಾರೆ.

ಊರು ದಾಟಿ ರೈಸ್ ಮಿಲ್ಲುಗಳ ಹೊಟ್ಟಿನ ವಾಸನೆ ಹಿಂದಾದ ಮೇಲೆ ನನಗೆ ಅರೆನಿದ್ದೆ ಹತ್ತುತ್ತದೆ. ಕಣ್ಣು ತೆರೆದೇ ಇರುತ್ತದೆ, ಆದರೆ ನೋಡುವುದೆಲ್ಲ ನೀರಿನೊಳಗಿನಿಂದ ನೋಡಿದ ಹಾಗೆ. ಕಾಲುವೆಯ ನೀರು ನಿಂತ ಗದ್ದೆಗಳು, ಅದರಲ್ಲಿ ಮುಗಿಲು, ಮುಗಿಲಿನೊಳಗೆ ಬಗ್ಗಿ ನಾಟಿ ಮಾಡುವ ಹೆಂಗಸರು, ಬೆಳ್ಳಕ್ಕಿ. ಒಂದು ಕಡೆ ಇದ್ದಕ್ಕಿದ್ದಂತೆ ನೀರು ಮುಗಿದುಹೋಗುತ್ತದೆ. ಕಲ್ಲು ಹರಳಿನ ಗರಸು ನೆಲ, ಜಾಲಿ, ಬಂಡೆ ಶುರುವಾಗುತ್ತವೆ. ಮುಂದೆ ಝಳದಲ್ಲಿ ಮಸ್ಕಿಯ ಗುಡ್ಡ ನೆಲ ಬಿಟ್ಟು ತೇಲುತ್ತಿರುವಂತೆ ಕಾಣುತ್ತದೆ. ಊರು ಬರುವ ಮೊದಲು ಎಡಕ್ಕೆ ಸೊಂಟದೆತ್ತರದ ಕಲ್ಲಿನ ಗೋಡೆ. ಅದು ನಮ್ಮವರ ಖಬರಸ್ತಾನ. ನನ್ನ ಅಬ್ಬಾ ಅಲ್ಲಿದ್ದಾರೆ.

ಅಬ್ಬಾ ಗಾದಿ ಮಾಡುವವರು. ಮಸ್ಕಿಯ ಬಜಾರಿನಲ್ಲಿ ಸಣ್ಣ ಅಂಗಡಿ, ಹತ್ತಿ ಹಿಂಜುವುದು, ತುಂಬುವುದು, ಹೊಲಿಯುವುದು. ಅವರ ಹುಬ್ಬಿನ ಮೇಲೆ ಯಾವಾಗಲೂ ಹತ್ತಿಯ ಒಂದು ಎಳೆ ಇದ್ದೇ ಇರುತ್ತಿತ್ತು. ಮದುವೆಯ ಗಾದಿ, ಬಾಣಂತಿಯ ಗಾದಿ, ತೊಟ್ಟಿಲಿನ ಪುಟ್ಟ ಗಾದಿ, ಸುತ್ತಲ ಹಳ್ಳಿಗಳಲ್ಲಿ ಅವರ ಕೈ ತಾಗದ ಹಾಸಿಗೆ ಕಡಿಮೆ. ತಾವು ಮಾತ್ರ ಚಾಪೆಯ ಮೇಲೆ ಮಲಗುವರು. ಯಾಕೆ ಅಂತ ಕೇಳಿದರೆ ‘ಮಿಠಾಯಿ ಮಾಡಾಂವ ಮಿಠಾಯಿ ತಿಂತಾನೇನು?’ ಎಂದು ನಗುತ್ತಿದ್ದರು. ಒಂದು ಮಳೆಗಾಲ ಎದೆನೋವು ಅಂತ ಕೂತವರು ಏಳಲೇ ಇಲ್ಲ.

ನಮ್ಮ ಜಮಾತಿನಲ್ಲಿ ಖಬರಿಗೆ ಕಟ್ಟೆ ಕಟ್ಟುವುದಿಲ್ಲ, ಕಲ್ಲಿನ ಮೇಲೆ ಹೆಸರು ಕೆತ್ತಿಸುವುದಿಲ್ಲ. ಮಣ್ಣು ಏರಿಸಿ ತಲೆಯ ಕಡೆ ಒಂದು ಕಾಡುಗಲ್ಲು ನಿಲ್ಲಿಸಿದರೆ ಮುಗಿಯಿತು. ಎರಡು ಮಳೆ ಬಿದ್ದರೆ ಎಲ್ಲ ಖಬರೂ ಒಂದೇ ಥರ. ಇನ್ನೊಂದು, ಹೆಂಗಸರು ಒಳಗೆ ಹೋಗುವುದಿಲ್ಲ. ಬೇರೆ ಊರುಗಳಲ್ಲಿ ಹೋಗುತ್ತಾರಂತೆ, ನಮ್ಮಲ್ಲಿ ಆ ರೂಢಿಯಿಲ್ಲ. ಯಾರೂ ತಡೆಯುವುದಿಲ್ಲ, ಯಾರೂ ಹೋಗುವುದೂ ಇಲ್ಲ. ಹಾಗಾಗಿ ಅಮ್ಮ ತನ್ನ ಗಂಡನನ್ನು ಕಡೆಯ ಸಲ ನೋಡಿದ್ದು ಮನೆಯ ಹೊಸ್ತಿಲಲ್ಲಿ.

ಗಂಡ ತೀರಿದ ಮೇಲೆ ಪಾಲಿಸುವ ಇದ್ದತ್ತಿನ ತಿಂಗಳುಗಳನ್ನು ಮನೆಯೊಳಗೇ ಕಳೆದು, ಅದು ಮುಗಿದ ಮೇಲೆ ಅಮ್ಮ ಸಿಂಧನೂರಿಗೆ ನನ್ನ ಮನೆಗೆ ಬಂದಳು. ಆ ಚಳಿಗಾಲ ಒಂದು ದಿನ ಯಾವುದೋ ಮದುವೆಗೆಂದು ಇಬ್ಬರೂ ಲಿಂಗಸುಗೂರಿಗೆ ಹೊರಟೆವು. ನನ್ನ ಕಿಟಕಿಯನ್ನು ಅವಳಿಗೆ ಬಿಟ್ಟುಕೊಟ್ಟೆ. ಗೋಡೆ ಬಂದಾಗ ನಾನು ಕೈ ಚಾಚಿ, ‘ಅಗೋ ಅಮ್ಮ, ಆ ಬೇವಿನ ಗಿಡದಿಂದ ಈ ಕಡೆ’ ಎನ್ನುವಷ್ಟರಲ್ಲಿ ಬಸ್ಸು ದಾಟಿಯೇ ಹೋಯಿತು. ಅವಳು ಹೊರಳಿ ಹೊರಳಿ ನೋಡಿದಳು. ಮದುವೆಯಲ್ಲಿ ಊಟ ಬಿಡಲಿಲ್ಲ, ಮಾತು ಬಿಡಲಿಲ್ಲ. ಮನೆಗೆ ಬಂದು ಬುರ್ಖಾ ಮಡಿಸಿಡುತ್ತಾ, ‘ಎಲ್ಲದಾರ ಅಂತ ಗೊತ್ತೇ ಆಗಲಿಲ್ಲ ನೋಡು’ ಅಂದಳು. ಅಷ್ಟು ಹೊತ್ತು ತಡೆದಿಟ್ಟುಕೊಂಡಿದ್ದ ಅಳು ಆಗ ಬಂತು.

ಮುಂದಿನ ರವಿವಾರ ಆಟೋ ಮಾಡಿಕೊಂಡು ಕರೆದೊಯ್ದೆ. ಗೋಡೆಯ ಹೊರಗೆ ನಿಂತು ನೋಡಲಿ, ಎಷ್ಟು ಹೊತ್ತು ಬೇಕಾದರೂ ನೋಡಲಿ ಅಂತ. ಎರಡು ನಿಮಿಷವೂ ನಿಲ್ಲಲಿಲ್ಲ, ನಡೆ ಅಂದಳು.

‘ಯಾಕಮ್ಮ, ಇಷ್ಟ ದೂರ ಬಂದೀವಿ.’

‘ರಸ್ತೆದಾಗ ನಿಂತು ಅಳಾಕ ಬರಂಗಿಲ್ಲ ಬೇಟಿ. ಹೋಗೋ ಬರೋ ಮಂದಿ ಗಾಡಿ ನಿಲ್ಲಿಸಿ ನೋಡ್ತಾರ. ಬಸ್ಸಿನಾಗ ಕುಂತ್ರ ಎತ್ತ ನೋಡಾಕತ್ತಿ ಅಂತ ಯಾರು ಕೇಳ್ತಾರ? ಒಂದು ಹೂವಿನ ಗಿಡ ಹಚ್ಚಸು. ದೂರದಿಂದ ಕಾಣಬೇಕು. ಅಗೋ ಅಲ್ಲದಾರ ಅಂತ ನನ್ನಷ್ಟಕ್ಕ ನಾ ಅನ್ಕೊಂಡು ಹೋಗೋ ಹಂಗ ಇರಬೇಕು.’

ಇಷ್ಟೇ ಅವಳು ಕೇಳಿದ್ದು. ಗಂಡನ ಮನೆ ಕೇಳಲಿಲ್ಲ, ಅಂಗಡಿ ಕೇಳಲಿಲ್ಲ, ಒಂದು ಹೂವಿನ ಗಿಡ. ಇದೇನು ಮಹಾ ಅಂತ ನಾನೂ ಅಂದುಕೊಂಡೆ. ಜಮಾತಿನ ಹಿರಿಯರೊಬ್ಬರನ್ನು ಕೇಳಿದಾಗ ಅವರು, ‘ಗಿಡ ಹಚ್ರಿ, ಮರ ಬ್ಯಾಡ. ನಾಳೆ ಬಾಜೂಕ ಅಗಿಯವರಿಗೆ ಬೇರು ತ್ರಾಸ ಕೊಡ್ತಾವು’ ಎಂದರು. ಸರಿಯಾದ ಮಾತು. ಮರವಲ್ಲದ, ಆದರೆ ಗೋಡೆಗಿಂತ ಎತ್ತರ ಬೆಳೆಯುವ, ಬೇಸಿಗೆಯಲ್ಲೂ ಹೂ ಬಿಡುವ, ಆಡು ತಿನ್ನದ, ನೆರಳಿಲ್ಲದ ಗರಸಿನಲ್ಲಿ ಬದುಕುವ ಗಿಡ. ಇಷ್ಟೆಲ್ಲ ಷರತ್ತು ಹಾಕಿದರೆ ಗಂಡು ಕೂಡ ಸಿಗುವುದಿಲ್ಲ ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ನಕ್ಕರು.

ನಾನು ಒಳಗೆ ಹೋಗುವಂತಿಲ್ಲವಾದ್ದರಿಂದ ನೆಡುವ ಕೆಲಸ ತಮ್ಮನದು. ಅವನು ಬಳಗಾನೂರಿನಲ್ಲಿ ಹೆಂಡತಿಯ ಕಡೆಯವರ ಹೊಲ ಗುತ್ತಿಗೆಗೆ ಹಿಡಿದು ಭತ್ತ ಬೆಳೆಯುತ್ತಾನೆ. ನನ್ನನ್ನು ಆಪಾ ಅನ್ನುತ್ತಾನೆ, ನಾನು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾನೆ, ಆಮೇಲೆ ತನಗೆ ತಿಳಿದದ್ದೇ ಮಾಡುತ್ತಾನೆ. ಮೊದಲು ಯಾವ ಗಿಡ ಎಂಬ ಮಾತು ಬಂದಾಗ ಅಮ್ಮ ಯೋಚಿಸಲೂ ಇಲ್ಲ. ಖಬರಿಗೆ ಏರಿಸುವುದು ಗುಲಾಬಿ, ಹಾಗಾಗಿ ಗುಲಾಬಿಯೇ. ತಿಳಿಗೆಂಪಿನ ನಾಟಿ ಗುಲಾಬಿ ತಂದು ಚಳಿಗಾಲದ ಕೊನೆಗೆ ಹಚ್ಚಿದೆವು. ಒಂದೆರಡು ಮೊಗ್ಗನ್ನೂ ಬಿಟ್ಟಿತು. ಯುಗಾದಿ ದಾಟುವ ಹೊತ್ತಿಗೆ ಎಲೆಗಳ ಅಂಚು ಸುಟ್ಟ ರೊಟ್ಟಿಯಂತಾಯಿತು, ಉಳಿದ ಚಿಗುರನ್ನು ಗೋಡೆ ಹಾರಿ ಬಂದ ಆಡುಗಳು ಮೇಯ್ದವು. ಗೋಡೆ ದಾಟುವಾಗ ನನ್ನ ಕಿಟಕಿಗೆ ಬರೀ ಕಡ್ಡಿ ಕಾಣಿಸಿತು.

‘ಬಿಸಿಲು ಆಪಾ, ಬಿಸಿಲು’ ಅಂದ ತಮ್ಮ. ‘ಆ ಬಿಸಿಲಿಗೆ ಕಲ್ಲು ಒಡಿತಾವು, ಗುಲಾಬಿ ಯಾವ ಲೆಕ್ಕ.’

ಮಳೆಗಾಲಕ್ಕೆ ಸಿಂಧನೂರಿನ ಒಂದು ನರ್ಸರಿಯಲ್ಲಿ ಕೇಳಿದೆ. ದಾಸವಾಳ ಒಯ್ಯಿರಿ, ಎಂಥ ಬಿಸಿಲಿಗೂ ಜಗ್ಗುವುದಿಲ್ಲ ಅಂದರು. ಕೆಂಪು ದಾಸವಾಳ ಹೋಯಿತು. ತಮ್ಮ ಈ ಸಲ ಹಟಕ್ಕೆ ಬಿದ್ದವನಂತೆ ದುಡಿದ. ವಾರಕ್ಕೆ ಎಷ್ಟೋ ಸಲ ಬೈಕಿನ ಎರಡೂ ಬದಿಗೆ ಕ್ಯಾನು ಕಟ್ಟಿಕೊಂಡು ಬಳಗಾನೂರಿನಿಂದ ನೀರು ತಂದ. ನಾನು ಮೆಚ್ಚಿದೆ, ಅಮ್ಮ ಅವನಿಗೆ ಶೀರ್‌ಕುರ್ಮಾ ಮಾಡಿ ಕಳಿಸಿದಳು. ಗಿಡ ಹಳದಿಯಾಯಿತು. ಎಲೆ ಉದುರಿತು. ನಿಂತಲ್ಲೇ ಕಪ್ಪಾಗಿ ಹೋಯಿತು. ಅದೂ ಆಷಾಢದ ಮೋಡದಡಿ, ಬಿಸಿಲೇ ಇಲ್ಲದ ದಿನಗಳಲ್ಲಿ.

ನನಗೆ ತಲೆ ಕೆಟ್ಟಿತು. ಬಿಸಿಲೇ ಇಲ್ಲದಿರುವಾಗ ಬಿಸಿಲಿಗೆ ಹೇಗೆ ಸಾಯುತ್ತದೆ? ‘ಅದನ್ನ ಬೇರು ಸಮೇತ ಕಿತ್ತು ಮನಿಗೆ ತೊಗೊಂಡು ಬಾ’ ಅಂತ ತಮ್ಮನಿಗೆ ಫೋನು ಮಾಡಿದೆ. ಅವನು ತಂದು ನಮ್ಮ ಅಂಗಳದಲ್ಲಿಟ್ಟ. ಬೇರಿಗೆ ಅಂಟಿದ ಮಣ್ಣು ನೋಡಿದರೆ ಕಪ್ಪು ಎರೆ. ಜಿಗುಟು. ಹಿಂಡಿದರೆ ನೀರು. ಮೂಗಿನ ಹತ್ತಿರ ಹಿಡಿದೆ, ಕೊಳೆತ ಗದ್ದೆಯ ವಾಸನೆ.

‘ಮಸ್ಕಿ ಖಬರಸ್ತಾನದಾಗ ಎರಿ ಮಣ್ಣು ಎಲ್ಲಿಂದ ಬಂತು?’

ತಮ್ಮ ಅಭಿಮಾನದಿಂದಲೇ ಹೇಳಿದ. ‘ನಾನಾ ತಂದೀನಿ. ಅಲ್ಲಿ ಬರೇ ಗರಸು ಆಪಾ, ನೀರು ಹಾಕಿದ್ರ ಹಾಕಿದ್ಹಂಗ ಇಂಗಿ ಹೋಗ್ತೈತಿ. ಅದಕ್ಕ ಗರಸು ತೆಗೆದು, ನಮ್ಮ ಗದ್ದಿ ಮಣ್ಣು ಚೀಲದಾಗ ಒಯ್ದು ತುಂಬಿ, ಸುತ್ತ ಬದು ಹಾಕೀನಿ. ಈಗ ಒಂದು ಕ್ಯಾನ್ ಹಾಕಿದ್ರ ಎರಡು ದಿನ ನೀರು ನಿಲ್ತೈತಿ ನೋಡು. ನೀರು ನಿಲ್ಲಲಾರದ ಜಾಗದಾಗ ಏನು ಬೆಳಿತೈತಿ?’

ಅಯ್ಯೋ ನನ್ನ ತಮ್ಮನೇ. ಕಾಲುವೆ ನೀರಿನ ಮಂದಿ ಎಲ್ಲವನ್ನೂ ಭತ್ತ ಅಂತಲೇ ತಿಳಿಯುತ್ತಾರೆ. ದಾಸವಾಳವನ್ನು ಅವನು ಗದ್ದೆಯಲ್ಲಿ ನಾಟಿ ಮಾಡಿದ್ದ, ಅಷ್ಟೇ. ಗುಲಾಬಿಗೂ ಅದೇ ಮಡಿ, ಅದೇ ಮಣ್ಣು. ಬೇಸಿಗೆಯಲ್ಲಿ ಅದೇ ಎರೆ ಒಣಗಿ ಬಿರುಕು ಬಿಟ್ಟು ಬೇರನ್ನು ಹರಿದಿತ್ತು. ‘ಕೈಯೇನೋ ಕೆಸರಾತು’ ಅಂದೆ, ‘ಬಾಯಿ ಮೊಸರಾಗಲಿಲ್ಲ ಬಿಡು.’ ಅವನಿಗೆ ಸಿಟ್ಟು ಬಂತು. ಚಹಾ ಕುಡಿಯದೆ ಹೋದ.

ಆಮೇಲಿನ ದಿನಗಳಲ್ಲಿ ನಾನು ಬಸ್ಸಿನಲ್ಲಿ ಬೇರೆ ಥರ ಕನಸು ಕಾಣತೊಡಗಿದೆ. ಊರಿಡೀ ಹೂ ನೋಡುವುದು. ಯಾರೂ ಕೇಳದ, ಯಾರೂ ನೀರು ಹಾಕದ ಜಾಗಗಳಲ್ಲಿ ಬಿಸಿಲಿಗೆ ಎದೆ ಕೊಟ್ಟು ನಿಂತವು ಯಾವುವು ಅಂತ ನೋಡುವುದು. ಚಳಿಗಾಲ ಹೋಗಿ ಬೇಸಿಗೆ ಬಂತು. ಪೆಟ್ರೋಲ್ ಬಂಕಿನ ತಗಡಿನ ಮೇಲೆ ಕಾಗದದ ಹೂ ಬಳ್ಳಿ ಉರಿಯುವ ಬಣ್ಣದಲ್ಲಿ ಹಬ್ಬಿತ್ತು. ನಮ್ಮ ಶಾಲೆಯ ಕಂಪೌಂಡಿಗೆ ಹಳದಿ ಗಂಟೆ ಹೂವಿನ ಗಿಡ, ಬಿದ್ದ ಇಟ್ಟಿಗೆಯ ರಾಶಿಯಲ್ಲಿ ಬೇರೂರಿದ್ದು. ಲಿಂಗಸುಗೂರಿನ ಒಂದು ದವಾಖಾನೆಯ ಗೇಟಿಗೆ ರತ್ನಗಂಧಿ, ಕೆಂಪು ಹಳದಿ ಕಲೆಸಿದ ಗೊಂಚಲು. ಮತ್ತೆ ಕಣಗಿಲೆ. ರಸ್ತೆಯ ನಡುವಿನ ಡಿವೈಡರಿನಲ್ಲಿ, ಲಾರಿಗಳ ಹೊಗೆ ಕುಡಿಯುತ್ತಾ, ಕಡುಬೇಸಿಗೆಯ ಮಧ್ಯಾಹ್ನ ಗುಲಾಬಿ ಬಣ್ಣದ ಗೊಂಚಲು ಹೊತ್ತು ನಿಂತಿತ್ತು. ಟಾರು ಕರಗಿ ಚಪ್ಪಲಿಗೆ ಅಂಟುವ ಹೊತ್ತು ಅದು. ಬಸ್ಸು ನಿಂತಾಗ ಕಿಟಕಿಯಿಂದ ಅದರ ಮೆಲ್ಲನೆಯ ವಾಸನೆ ಬಂದು ಹೋಯಿತು. ಅಷ್ಟು ಬಿಸಿಲಿನಲ್ಲಿ ಅಷ್ಟು ತಣ್ಣಗಿನ ವಾಸನೆ ಎಲ್ಲಿಂದ ಬರುತ್ತದೋ, ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಎಲ್ಲವೂ ಕೆಟ್ಟ ನೆಲದಲ್ಲೇ ಇದ್ದವು. ಗರಸು, ಇಟ್ಟಿಗೆ ಚೂರು, ಕಲ್ಲು. ನೀರು ಬಿದ್ದದ್ದು ಹರಿದು ಹೋಗುವ ಜಾಗ. ಬಿಸಿಲು ಅವುಗಳ ವೈರಿ ಅಲ್ಲವೇ ಅಲ್ಲ, ನಿಂತ ನೀರು ವೈರಿ.

ಒಂದು ರವಿವಾರ ತಮ್ಮನನ್ನು ಊಟಕ್ಕೆ ಕರೆದು, ಅಮ್ಮನ ಮುಂದೆ ಪಂಚಾಯಿತಿ ಇಟ್ಟೆ. ಎಲ್ಲದರ ಒಂದೊಂದು ಟೊಂಗೆ ತಂದು ಚೊಂಬಿನಲ್ಲಿಟ್ಟಿದ್ದೆ. ಅಮ್ಮ ಕಾಗದದ ಹೂ ಮುಟ್ಟಿ ನೋಡಿ ಕೈ ಹಿಂತೆಗೆದಳು.

‘ಮುಳ್ಳು ನಕ್ಕೋ, ಬ್ಯಾಡ. ಅವರ ಮ್ಯಾಲೆ ಮುಳ್ಳು ಹಾಕ್ತೀಯೇನು?’

‘ಗುಲಾಬಿಗೆ ಮುಳ್ಳು ಇರಲಿಲ್ಲೇನಮ್ಮ?’

‘ಗುಲಾಬಿ ಮುಳ್ಳು ಬ್ಯಾರೆ.’

ಹಳದಿ ಗಂಟೆ ಹೂವು ಚೆಂದವೇ, ಆದರೆ ಸುತ್ತಲ ಜಾಲಿಯ ಹೂವೂ ಹಳದಿ, ದೂರದಿಂದ ಗುರುತು ಸಿಗಲಿಕ್ಕಿಲ್ಲ. ರತ್ನಗಂಧಿಗೂ ಅಲ್ಲಲ್ಲಿ ಮುಳ್ಳು. ಕಣಗಿಲೆಯ ಟೊಂಗೆಯನ್ನು ಮೂಗಿಗೆ ಹಿಡಿದು ಅಮ್ಮ ಬಹಳ ಹೊತ್ತು ಬಿಡಲಿಲ್ಲ. ‘ಕನೇರ್’ ಅಂದಳು. ನಾವು ಮನೆಯಲ್ಲಿ ಅರ್ಧ ಕನ್ನಡ ಅರ್ಧ ದಖನಿ ಆಡುವವರು. ಹೂವಿನ ಹೆಸರು, ನೋವಿನ ಹೆಸರು ಅವಳಿಗೆ ದಖನಿಯಲ್ಲೇ ಬರುತ್ತವೆ.

‘ಕಣಗಿಲ ವಿಷ ಅಲ್ಲೇನು?’ ತಮ್ಮ ಗೊಣಗಿದ. ‘ಅದರ ಹಾಲು ಕಣ್ಣಿಗೆ ಬಿದ್ರ ಕಣ್ಣು ಹೋಗ್ತಾವು ಅಂತಾರ.’

‘ವಿಷ ಐತಿ ಅಂತನಾ ಆಡು ಮುಟ್ಟಂಗಿಲ್ಲ’ ಅಂದಳು ಅಮ್ಮ. ‘ಕಡದ ಮ್ಯಾಲೆ ಕೈ ತೊಳ್ಕೋ. ಬಾಯಾಗ ಹಾಕೋ ಬ್ಯಾಡ. ಸಣ್ಣ ಹುಡುಗ ಅಲ್ಲ ನೀ.’

ಗಿಡ ಆಯ್ಕೆಯಾಯಿತು. ಇನ್ನು ಮಣ್ಣಿನ ಮಾತು. ಆ ಎರೆಯನ್ನೆಲ್ಲ ತೆಗೆದುಹಾಕು, ಬದು ಒಡೆ, ಮೊದಲಿದ್ದ ಗರಸನ್ನೇ ತುಂಬು, ಬೇರು ಹಿಡಿಯುವ ತನಕ ಮಳೆ ನೋಡಿಕೊಳ್ಳುತ್ತದೆ, ಆಮೇಲೆ ನೀರು ಬೇಡವೇ ಬೇಡ ಅಂದೆ. ತಮ್ಮ ತಾಟಿನಲ್ಲಿ ಕೈ ಇಟ್ಟುಕೊಂಡು ಕೂತುಬಿಟ್ಟ. ಅನ್ನ ಕಲಸಲಿಲ್ಲ. ಆಮೇಲೆ ಮುಖ ಎತ್ತದೆ ಅಂದ:

‘ಮಗ ಆಗಿ ಅಬ್ಬಾಗ ನೀರು ಸುದ್ದಾ ಹಾಕಬಾರದೇನು ಆಪಾ? ನಿನಗ ಬಸ್ಸಿನಾಗ ಕುಂತು ನೋಡಾಕರ ಬರ್ತೈತಿ. ನಾ ಅಲ್ಲಿಗೆ ಹೋಗಿ ಬರೇ ಕೈಲೆ ನಿಂತು ಏನು ಮಾಡ್ಲಿ?’

ಅವನು ಅಷ್ಟು ದೂರದಿಂದ ಕ್ಯಾನು ಹೊತ್ತದ್ದು ದಾಸವಾಳಕ್ಕಲ್ಲ ಎಂಬುದು ಆಗ ಹೊಳೆಯಿತು. ಅಮ್ಮ ಎದ್ದು ಒಳಗೆ ಹೋಗಿ ಒಂದು ಅಗಲ ಬಾಯಿಯ ಮಣ್ಣಿನ ಬೋಗುಣಿ ತಂದು ಅವನ ಪಕ್ಕ ಇಟ್ಟಳು.

‘ಇದನ್ನ ಅವರ ತಲಿ ಹತ್ತರ ಇಡು. ಗುಬ್ಬಿ, ಪಾರಿವಾಳ ಕುಡಿತಾವು. ಕ್ಯಾನ್ ತುಂಬ ತೊಗೊಂಡು ಹೋಗು, ಇದರಾಗ ಹಾಕು. ಗಿಡಕ್ಕ ಬ್ಯಾಡ.’

ಅವನು ಅನ್ನ ಕಲಸಿಕೊಂಡ. ಆ ಮಳೆಗಾಲದ ಮೊದಲ ಹದಕ್ಕೆ ಕಣಗಿಲೆಯ ಕಡ್ಡಿಗಳನ್ನು ಊರಿದ. ನಾನು ಗೋಡೆಯ ಹೊರಗೆ ಛತ್ರಿ ಹಿಡಿದು ನಿಂತು, ‘ಇನ್ನೂ ಸ್ವಲ್ಪ ಗುಡ್ಡಿ ಮಾಡು, ನೀರು ನಿಲ್ಲಬಾರದು’ ಅಂತ ಕೂಗಿ ಹೇಳಿದೆ. ಅವನು ಒಳಗಿಂದ ಹೂಂ ಅಂದ. ಈ ಸಲ ನಾನು ಹೇಳಿದ್ದನ್ನೇ ಮಾಡಿದ.

ಕಡ್ಡಿಗಳು ಚಿಗುರಿದವು. ಮರುಬೇಸಿಗೆಯ ಒಂದು ಬೆಳಿಗ್ಗೆ ನಾನು ಎಂದಿನ ಅರೆನಿದ್ದೆಯಲ್ಲಿದ್ದೆ. ಗದ್ದೆ ಮುಗಿದು ಗರಸು ಬಂದಿತ್ತು, ಝಳ ಏಳತೊಡಗಿತ್ತು. ಗೋಡೆಯ ಮೇಲೆ ಗುಲಾಬಿ ಬಣ್ಣದ ಏನೋ ಒಂದು ಬಂತು, ಹೋಯಿತು. ಯಾರೋ ದುಪ್ಪಟ್ಟಾ ಒಣಗಲು ಹಾಕಿದ್ದಾರೆ ಅನಿಸಿತು. ಮಸ್ಕಿಯ ನಿಲ್ದಾಣದಲ್ಲಿ ಬಸ್ಸು ನಿಂತ ಮೇಲೆ ಅದು ಹೂವು ಎಂದು ತಿಳಿಯಿತು. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು ‘ಯಾಕ್ರೀ, ಏನಾತು?’ ಎಂದು ಕೇಳಿದಳು. ಏನೂ ಇಲ್ಲ, ಧೂಳು ಅಂದೆ.

ಆದರೆ ಅಮ್ಮ ನೋಡುವಂತಿರಲಿಲ್ಲ. ಆ ವರ್ಷದ ಚಳಿಗಾಲದಲ್ಲೇ ಬಚ್ಚಲಿನಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡಿದ್ದಳು. ಆಪರೇಷನ್ ಆಗಿ ಹಾಸಿಗೆಯಲ್ಲಿದ್ದಳು. ಬಸ್ಸಿನ ಮೆಟ್ಟಿಲು ಇರಲಿ, ಹೊಸ್ತಿಲು ದಾಟುವುದೇ ಕಷ್ಟ. ನಾನು ಸಂಜೆ ಚಪ್ಪಲಿ ಬಿಡುವ ಮೊದಲೇ ಒಳಗಿಂದ ಕೇಳುತ್ತಿದ್ದಳು, ‘ಇವತ್ತು ಹೆಂಗದಾರ?’ ಗಿಡ ಹೇಗಿದೆ ಅಂತ ಒಂದು ದಿನವೂ ಕೇಳಲಿಲ್ಲ. ಹೆಂಗದಾರ ಅಂತಲೇ. ನಾನು ಮಂಚದ ಅಂಚಿಗೆ ಕೂತು ವರದಿ ಒಪ್ಪಿಸುವೆ. ‘ಚಲೋ ಅದಾರ. ಮ್ಯಾಲಿನ ಟೊಂಗಿಗೆ ಹೊಸಾ ಗೊಂಚಲು ಬಂದೈತಿ. ಗಾಳಿಗೆ ರಸ್ತೆ ಕಡೆ ಬಾಗ್ಯಾರ.’ ಅಮ್ಮ ಕಣ್ಣು ಮುಚ್ಚಿ ಕೇಳುವಳು, ನಗುವಳು. ‘ಬಾಗತಾರ ಬಾಗತಾರ. ಅಂಗಡ್ಯಾಗ ಕುಂತ್ರೂ ರಸ್ತೆ ಕಡೇನ ನೋಡವ್ರು.’ ಆ ಬೇಸಿಗೆಯ ಸಂಜೆಗಳನ್ನು ನೆನೆದರೆ ನನಗೆ ಈಗಲೂ ಎದೆ ತುಂಬುತ್ತದೆ.

ಮುಂದಿನ ಮಳೆಗಾಲ ಶುರುವಾದಾಗ ಕಿಟಕಿಯಿಂದ ಒಂದು ವಿಚಿತ್ರ ಕಂಡಿತು. ನಮ್ಮ ಗಿಡದ ಆಚೆ ಒಂದು ಹಸಿರು ಕಡ್ಡಿ, ಈಚೆ ಒಂದು, ಗೋಡೆಯ ಮೂಲೆಗೆ ಒಂದು. ಕಣಗಿಲೆಯೇ. ವಾರ ಕಳೆದಂತೆ ಹೆಚ್ಚುತ್ತಲೇ ಹೋದವು. ತಮ್ಮನಿಗೆ ಫೋನು ಮಾಡಿದೆ.

‘ಯಾರು ಹಚ್ಚಾಕತ್ಯಾರ ಅವನ್ನ?’

‘ಮಂದಿ ಕೇಳಿದ್ರು ಆಪಾ, ಕೊಟ್ಟೆ. ಉದ್ದ ಬೆಳದಿದ್ವು, ಕತ್ತರಸೋದು ಇತ್ತು.’

‘ಕೊಟ್ಟೀ? ಎಲ್ಲಾ ಕಡೆ ಅದೇ ಹೂವಾದ್ರ ಅಮ್ಮಗ ಅಬ್ಬಾ ಹೆಂಗ ಗೊತ್ತಾಗ್ತಾರ? ಅದಕ್ಕಲ್ಲೇನು ನಾವು ಇಷ್ಟು ಒದ್ದಾಡಿದ್ದು?’

ಅವನು ತನ್ನ ಕಡೆಯ ಲೆಕ್ಕ ಹೇಳಿದ. ‘ನಾಟಿ ಟೈಮಿನಾಗ ಬಾಜೂ ಹೊಲದಾಂವಗ ಸಸಿ ಕಡಿಮಿ ಬಿದ್ರ ನಮ್ಮ ಮಡ್ಯಾಗ ಉಳದದ್ದು ಕೊಡ್ತೀವಿ. ಇಲ್ಲ ಅನ್ನಂಗಿಲ್ಲ. ಸಸಿಗೆ ಇಲ್ಲ ಅಂದಾಂವನ ಹೊಲ ಹಸನಾಗಂಗಿಲ್ಲ ಅಂತಾರ ನಮ್ಮ ಕಡೆ. ಮಂದಿ ಬಂದು ಕೇಳಿದಾಗ ನನಗ ಬ್ಯಾರೆ ಏನೂ ಹೊಳಿಲಿಲ್ಲ.’

ಎಲ್ಲ ಕಿತ್ತುಹಾಕು ಅಂದೆ. ಮಂದಿ ತಮ್ಮವರಿಗೆ ಹಚ್ಚಿದ್ದನ್ನು ಕೀಳುವುದು ತನ್ನ ಕೈಲಾಗದು ಅಂದ. ಹಾಗಿದ್ದರೆ ನಮ್ಮ ಗಿಡಕ್ಕೆ ಒಂದು ಹಸಿರು ಬಟ್ಟೆಯಾದರೂ ಕಟ್ಟು ಅಂದೆ. ‘ದರ್ಗಾ ಮಾಡ್ತೀಯೇನು ಅಬ್ಬಾನ್ನ?’ ಅಂದ. ಫೋನು ಇಟ್ಟೆ. ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗುಲಾಬಿ ಸತ್ತಿತು, ದಾಸವಾಳ ಮುಳುಗಿತು, ಬಿಸಿಲನ್ನು ಗೆದ್ದ ಗಿಡ ಸಿಕ್ಕಿತು, ಈಗ ಅದು ಬದುಕಿದ್ದೇ ತಪ್ಪಾಯಿತು. ಅಮ್ಮನಿಗೆ ನಾನು ಏನೂ ಹೇಳಲಿಲ್ಲ. ಅವಳು ‘ಹೆಂಗದಾರ’ ಅಂದಾಗ ಚಲೋ ಅದಾರ ಅನ್ನುತ್ತಲೇ ಹೋದೆ. ಅವಳು ಗೋಡೆ ಹಿಡಿದು ನಡೆಯತೊಡಗಿದಳು, ಆಮೇಲೆ ಕೋಲು ಹಿಡಿದು. ಒಂದೊಂದು ಹೆಜ್ಜೆ ಇಡುವಾಗಲೂ ಬಸ್ಸಿನ ಮಾತು. ‘ಈ ಬ್ಯಾಸಗಿಗೆ ಹೋಗೇ ಹೋಗ್ತೀನಿ’ ಎಂದು ನೆರೆಯವರಿಗೆಲ್ಲ ಸಾರಿದಳು. ನನಗೆ ಬೇಸಿಗೆ ಬರುವುದೇ ಬೇಡವಾಗಿತ್ತು.

ಬಂತು. ಲಿಂಗಸುಗೂರಿನ ಸಂಬಂಧಿಕರ ಮನೆಯಲ್ಲಿ ಅಕೀಕಾ ಇತ್ತು, ಮಗುವಿನ ತಲೆಗೂದಲು ತೆಗೆಸುವ ಕಾರ್ಯ. ಅಮ್ಮ ಬೆಳಿಗ್ಗೆಯೇ ಸಿದ್ಧಳಾಗಿ ಕೂತಿದ್ದಳು. ಕಂಡಕ್ಟರು ಕೈ ಹಿಡಿದು ಹತ್ತಿಸಿಕೊಂಡು, ‘ಇವತ್ತು ಕಿಟಕಿ ಅವ್ವಾರಿಗೇನ್ರೀ ಟೀಚರ್?’ ಅಂದ. ಹೌದು ಅಂದೆ. ನಮ್ಮ ಮುಂದಿನ ಸೀಟಿನ ಕಿಟಕಿಗೆ ಬುರ್ಖಾ ಹಾಕಿದ ಒಬ್ಬ ಹೆಂಗಸು ಒಬ್ಬಳೇ ಕೂತಿದ್ದಳು, ಅಮ್ಮನಿಗಿಂತ ಸಾಕಷ್ಟು ಚಿಕ್ಕವಳು. ಗದ್ದೆಗಳು ಹೋದವು. ಅಮ್ಮ ಕಿಟಕಿಯ ಸರಳು ಹಿಡಿದೇ ಇದ್ದಳು. ಈಗಲಾದರೂ ಹೇಳಿಬಿಡಲೇ ಅಂತ ಎರಡು ಸಲ ಬಾಯಿ ತೆರೆದೆ. ಹೇಳಲಾಗಲಿಲ್ಲ.

ಗೋಡೆ ಬಂತು. ಅದರುದ್ದಕ್ಕೂ ಹೂವು. ಆ ಕೊನೆಯಿಂದ ಈ ಕೊನೆಯವರೆಗೆ ಗುಲಾಬಿ ಬಣ್ಣದ ಗೊಂಚಲುಗಳು ಝಳದಲ್ಲಿ ನಡುಗುತ್ತಾ, ಗಿಡ ಯಾವುದು ಗಿಡದ ನೆರಳು ಯಾವುದು ಅಂತ ಬೇರೆ ಮಾಡಲಾಗದಂತೆ ಕಲೆತುಹೋಗಿದ್ದವು. ಬಿಸಿ ಗಾಳಿಯ ಜೊತೆ ವಾಸನೆ ಒಳಗೆ ನುಗ್ಗಿತು. ಬಸ್ಸಿನಲ್ಲಿದ್ದವರು ಯಾರೋ ‘ಆಹಾ’ ಅಂದರು.

‘ಯಾವುದು?’ ಅಂದಳು ಅಮ್ಮ.

ನಾನು ಕೈ ಎತ್ತಿದೆ. ಯಾವ ಕಡೆ ತೋರಿಸಲಿ? ದಿನಾ ನೋಡುವ ನನಗೇ ಗೊತ್ತಾಗಲಿಲ್ಲ. ಗೋಡೆ ಮುಗಿದು ಜಾಲಿ ಬಂತು. ಕೈ ಇಳಿಸಿದೆ. ‘ಗೊತ್ತಾಗವಲ್ದಮ್ಮ. ಮಂದಿ ಎಲ್ಲಾ ನಮ್ಮ ಗಿಡದ್ದಾ ಟೊಂಗಿ ಒಯ್ದು ಹಚ್ಯಾರ’ ಅಂದೆ. ಅಮ್ಮ ನನ್ನನ್ನು ನೋಡಲಿಲ್ಲ. ಮುಂದಿನ ಸೀಟನ್ನು ನೋಡುತ್ತಿದ್ದಳು. ಅಲ್ಲಿ ಆ ಹೆಂಗಸು ಎರಡೂ ಅಂಗೈ ಎದೆಯ ಹತ್ತಿರ ತೆರೆದುಕೊಂಡು, ಹಿಂದೆ ಸರಿದುಹೋದ ಗೋಡೆಯ ಕಡೆ ಕತ್ತು ಹೊರಳಿಸಿ ಕೂತಿದ್ದಳು. ತುಟಿ ಅಲುಗುತ್ತಿದ್ದವು. ಮುಖ ಪೂರ್ತಿ ತೋಯ್ದಿತ್ತು.

ಅವಳು ಸತ್ತವರ ಹೆಸರಿನ ಫಾತಿಹಾ ಓದಿ ಮುಗಿಸಿ ಮುಖ ಒರೆಸಿಕೊಳ್ಳುವವರೆಗೆ ಅಮ್ಮ ಕಾದಳು. ಆಮೇಲೆ ಮುಂದಕ್ಕೆ ಬಾಗಿ ಅವಳ ಭುಜ ಮುಟ್ಟಿದಳು.

‘ನಿಂದು ಯಾವುದವ್ವಾ?’

‘ಗೊತ್ತಾಗಂಗಿಲ್ಲ ಖಾಲಾ’ ಅಂದಳು ಅವಳು. ‘ಹ್ವಾದ ವರ್ಷ ಒಬ್ಬ ಪುಣ್ಯಾತ್ಮ ಟೊಂಗಿ ಕೊಟ್ನಂತ, ನಮ್ಮ ಮನಿಯವ್ರು ತಂದು ಹಚ್ಯಾರ. ಈಗ ಎಲ್ಲಾ ಒಂದಾ ಥರ ಕಾಣ್ತಾವು. ನಿಮ್ದು ಯಾರು?’

‘ನಮ್ಮ ಯಜಮಾನ್ರು. ನಿಂದು?’

‘ಮಗಳು. ಇನ್ನಾ ಸಾಲಿಗೆ ಹೋಗತಿದ್ಲು.’

ಅಮ್ಮ ಅವಳ ಭುಜದ ಮೇಲಿನ ಕೈ ತೆಗೆಯಲಿಲ್ಲ. ಬಸ್ಸು ಊರೊಳಗೆ ಹೊಕ್ಕು ಹಾರ್ನು ಹೊಡೆಯುತ್ತಿತ್ತು. ಮಸ್ಕಿಯಲ್ಲಿ ಇಳಿಯುವವರು ಚೀಲ ಹಿಡಿದು ಎದ್ದು ನಿಂತರು, ಅವಳೂ ಎದ್ದಳು.

‘ಇಕಾ, ಇಲ್ಲಿ ಕೇಳು’ ಅಂದಳು ಅಮ್ಮ. ‘ನಾ ಹೋಗಾಗ ಬರಾಗ ಅಲ್ಲಿದ್ದವರಿಗೆಲ್ಲಾ ಓದ್ತೀನಿ, ನಿನ್ನ ಮಗಳಿಗೂ ಮುಟ್ಟತೈತಿ. ನೀನೂ ಹಂಗಾ ಓದು. ನಾ ಬರಲಾರದ ದಿನ ನಮ್ಮವರು ದಾರಿ ನೋಡ್ತಾರ.’

ಅವಳು ಹೂಂ ಅಂದು, ಅಮ್ಮನ ಕೈಯನ್ನು ಒಮ್ಮೆ ತನ್ನ ಕಣ್ಣಿಗೆ ಒತ್ತಿಕೊಂಡು ಇಳಿದುಹೋದಳು. ಅಮ್ಮ ಮೊಣಕಾಲ ಮೇಲೆ ಅಂಗೈ ತೆರೆದಿಟ್ಟು ಓದಲು ಶುರು ಮಾಡಿದಳು. ಬಸ್ಸು ಮತ್ತೆ ಹೊರಟು, ಗುಡ್ಡ ಹಿಂದಾಗಿ, ಲಿಂಗಸುಗೂರಿನ ದಾರಿ ಹಿಡಿದ ಮೇಲೂ ಓದುತ್ತಲೇ ಇದ್ದಳು. ಆ ಗೋಡೆಯೊಳಗೆ ಬಹಳ ಮಂದಿ ಇದ್ದರು.